ಕಾರವಾರದ ಕಡಲ ದಂಡೆ

ರವಿವಾರ ಸಾಯಂಕಾಲ ನಾಲ್ಕು ಗಂಟೆಯಾಗುತ್ತಲೆ ಕಾರವಾರದ ಕಡಲ ದಂಡೆಗೆ ಸಂಸಾರಗಳು ಬರತೊಡಗುತ್ತವೆ. ಊರ ಕೇರಿಗಳಿಂದ ನಡೆದು ಬಂದವರು ಕೆಲವರು. ಹುಬ್ಬಳ್ಳಿ ಧಾರವಾಡಗಳ ಕಡೆಯಿಂದ ಘಟ್ಟವನ್ನಿಳಿದು ಬಂದವರು ಕೆಲವರು. ಮುದುಕರು ಗಾಳಿಮರಗಳ ನೆರಳನ್ನು ಹಿಡಿದು ಕುಳ್ಳಿರುತ್ತಾರೆ. ಹೆಂಗಸರು ಸೀರೆಯ ನೆರಿಗೆಯನ್ನು ತುಸು ಎತ್ತಿ ಹಿಡಿದು, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ತೆರೆ ಬಂದಾಗ ಹಿಂದಕ್ಕೆ ಸರಿಯುತ್ತಾರೆ. ಮಕ್ಕಳಾದರೋ ಯಾರ ಮಾತಿಗೂ ಕಿವಿಗೊಡದೆ ಮೊಳಕಾಲುದ್ದ ನೀರಿಗೆ ಹೋಗಿಯೇ ಬಿಡುತ್ತವೆ. ಚುರುಮುರಿಯವರೂ ಶೇಂಗಾದವರೂ ತಮ್ಮ ತಮ್ಮ ಸ್ಥಳಗಳಲ್ಲಿ ನಿಂತಿರುತ್ತಾರೆ. ಮರಳಿಗೆ ಇಳಿಯುವದಕ್ಕೆ ಬಾಗಿಲೆಂಬುದಿಲ್ಲ. ಕಾವಲುಗಾರನ ಅಪ್ಪಣೆ ಬೇಕಾಗಿಲ್ಲ. ಹೆದ್ದಾರಿಯ ಮಗ್ಗುಲಿಗೆ ಹತ್ತು ಹೆಜ್ಜೆ ಇಟ್ಟರೆ ಸಮುದ್ರವು ಎದುರಿಗಿರುತ್ತದೆ.

ಈ ನೋಟವನ್ನು ಕಂಡವರಿಗೆ ಇದು ಅನಾದಿಯಿಂದ ನಡೆದು ಬಂದುದೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಚರಿತ್ರೆಯನ್ನು ವಿಚಾರಿಸಿ ನೋಡಿದಲ್ಲಿ, ಹೆಂಡಿರು ಮಕ್ಕಳನ್ನು ಕರೆದುಕೊಂಡು ವಿನೋದಾರ್ಥವಾಗಿ ಕಡಲಿಗೆ ಹೋಗುವ ಈ ಪದ್ಧತಿಯು ಇಲ್ಲಿ ಬಹಳ ಹಳೆಯದಲ್ಲ. ಹಳೆಯದಾಗುವದಾದರೂ ಹೇಗೆ? ದಂಡೆಯ ಮೇಲಿರುವ ಊರೇ ಹಳೆಯದಲ್ಲ.

ಮೊದಲು ದಂಡೆಯ ಸ್ಥಿತಿಯನ್ನು ಹೇಳಬೇಕು. ದಕ್ಷಿಣ ದಿಕ್ಕಿನಲ್ಲಿ ಬೈತಖೋಲದ ಗುಡ್ಡವು ಸಮುದ್ರದೊಳಕ್ಕೆ ಮೂಗು ಚಾಚಿಕೊಂಡಿರುತ್ತದೆ. ನೈರುತ್ಯದಿಂದ ಏರಿ ಬರುವ ತೆರೆಗಳು ಆ ಬಂಡೆಗಳಿಗೆ ಬಡಿದು ತಮ್ಮ ಸೊಕ್ಕನ್ನು ಕಳೆದುಕೊಂಡ ಮೇಲೆಯೇ ಒಳಗಿನ ಕೊಲ್ಲಿಯನ್ನು ಪ್ರವೇಶಿಸುತ್ತವೆ. ಪಶ್ಚಿಮದಲ್ಲಿ ದೇವಗಡ, ಕೂರ್ಮಗಡ ಮೊದಲಾದ ದ್ವೀಪಗಳು ಕಾವಲಿಗೆ ನಿಂತಂತಿವೆ; ದೂರದಲ್ಲಿ ಅಂಜದೀವವು ಕಾಣುತ್ತದೆ. ಉತ್ತರಕ್ಕೆ ಕೋಡಿಬಾಗದ ಬಳಿ ಕಾಳೀನದಿಯು ಸಮುದ್ರವನ್ನು ಕೂಡುತ್ತದೆ. ಸಹ್ಯಾದ್ರಿಯ ಡಿಗ್ಗಿಯ ಕಡೆಯಲ್ಲಿ ಹುಟ್ಟಿ ಸುಮಾರು 184 ಕಿಲೋಮೀಟರು ಹರಿದು ಬರುವ ಈ ನದಿಯು ಘಟ್ಟದ ಮಣ್ಣು ಮರಳುಗಳನ್ನು ಹೊತ್ತು ತಂದು ತನ್ನ ಮುಖದಲ್ಲಿ ಇಳಿಸುತ್ತದೆ. ಗುಡ್ಡದ ಆಸರೆ, ದ್ವೀಪಗಳ ಮರೆ, ನದಿಯ ಮರಳು ಈ ಮೂರೂ ಒಂದುಗೂಡಿದ್ದರಿಂದ ಅರ್ಧಚಂದ್ರಾಕಾರವಾದ, ಇಳಿಜಾರು ಕಡಿಮೆಯಾದ, ಮಕ್ಕಳ ಕಾಲಿಗೆ ತಕ್ಕ ದಂಡೆಯೊಂದು ಏರ್ಪಟ್ಟಿದೆ.

ಆದರೆ ದಂಡೆಯು ಸೌಮ್ಯವಾಗಿದ್ದ ಮಾತ್ರಕ್ಕೆ ಜನರು ಅಲ್ಲಿ ವಿಹರಿಸುತ್ತಿದ್ದರೆಂದು ಹೇಳಲಾಗದು. ನಮ್ಮ ಪೂರ್ವಿಕರಿಗೆ ಸಮುದ್ರವು ಪೂಜ್ಯವಾಗಿದ್ದಿತು, ಆಟದ ವಸ್ತುವಾಗಿರಲಿಲ್ಲ. ಅಶ್ವತ್ಥವೃಕ್ಷ, ಸಮುದ್ರ ಇವೆರಡೂ ಸೇವೆಗೆ ಯೋಗ್ಯವಾದವುಗಳೇ ಆದರೂ ಮನಬಂದಂತೆ ಮುಟ್ಟತಕ್ಕವಲ್ಲವೆಂದು ಧರ್ಮಶಾಸ್ತ್ರದವರು ನಿಯಮ ಮಾಡಿದ್ದಾರೆ. ಅಶ್ವತ್ಥಕ್ಕೆ ಶನಿವಾರವೆಂದೂ ಸಮುದ್ರಕ್ಕೆ ಪರ್ವಕಾಲವೆಂದೂ ಸ್ಪರ್ಶದ ದಿನಗಳನ್ನು ಕಟ್ಟಿಕೊಟ್ಟರು. ಸೇತುವಿಗೆ ಮಾತ್ರ ಈ ನಿಯಮವಿಲ್ಲ. ಇದು ಜೀವರಕ್ಷಣೆಗಾಗಿ ಹುಟ್ಟಿದ ಕಟ್ಟಳೆಯೆಂದು ಈಚೆಗೆ ಅರ್ಥ ಹೇಳುವವರುಂಟು. ಅದು ಯುಕ್ತವಾಗಿ ಕಾಣುವದಿಲ್ಲ. ಯಾಕಂದರೆ ಅಮಾವಾಸ್ಯೆ ಹುಣ್ಣಿಮೆಗಳ ಸಮಯದಲ್ಲಿಯೇ ಉಬ್ಬರವು ಹೆಚ್ಚು. ಅಪಾಯದ ಅಂಜಿಕೆಯಿಂದಲ್ಲ, ಗೌರವದಿಂದಲೇ ಆ ನಿಯಮವು ನಡೆದು ಬಂದಿತೆಂದು ತಿಳಿಯುವದು ಮೇಲು. ಎಳ್ಳಮಾವಾಸ್ಯೆಯ ದಿನ ಕರಾವಳಿಯವರು ಇಂದಿಗೂ ಸಮುದ್ರಸ್ನಾನಕ್ಕೆ ಹೋಗುವದುಂಟು. ನೂಲ ಹುಣ್ಣಿಮೆಗೆ ಮೀನುಗಾರರು ಹಾಲು ತೆಂಗಿನಕಾಯಿಗಳನ್ನು ಸಮುದ್ರಕ್ಕೆ ಅರ್ಪಿಸುವದುಂಟು. ಕವಿಗಳ ಮಾತಿಗೆ ಬಂದರೂ ಹಾಗೆಯೇ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಸೀತೆಗೆ ಸಮುದ್ರವನ್ನು ತೋರಿಸಿ ವರ್ಣಿಸುತ್ತಾನೆ. ಆದರೆ ತೋರಿಸುವದು ಪುಷ್ಪಕವಿಮಾನದೊಳಗಿಂದ. ಕಾಲು ಮಾತ್ರ ಒಬ್ಬರದೂ ಒದ್ದೆಯಾಗಲಿಲ್ಲ!

ಇನ್ನು ಊರಿನ ಮಾತು. ಕಾರವಾರವೆಂಬ ಹೆಸರು ಕಾಳೀನದಿಯ ಒಳಬದಿಗಿರುವ ಕದ್ವಾಡವೆಂಬ ಹಳ್ಳಿಯಿಂದ ಬಂದುದೆಂದು ಹೇಳುತ್ತಾರೆ. ಹಳೆಯ ವ್ಯಾಪಾರವೆಲ್ಲ ನದಿಯ ಆ ಭಾಗದಲ್ಲಿತ್ತು. 1638ರಲ್ಲಿ ಇಂಗ್ಲೀಷ ವರ್ತಕರು ಇಲ್ಲಿ ಕೋಠಿಯನ್ನು ತೆರೆದು ಮೆಣಸು, ಏಲಕ್ಕಿ ಮತ್ತು ಘಟ್ಟದ ಮೇಲಿನ ನಯವಾದ ಅರಿವೆಗಳನ್ನು ಹಡಗಿಗೆ ಏರಿಸತೊಡಗಿದರು. 1665ರಲ್ಲಿ ಶಿವಾಜಿಯು ಈ ಕಡೆಗೆ ದಂಡೆತ್ತಿ ಬಂದಾಗ ಆ ಕೋಠಿಯವರೂ ಕಪ್ಪದ ಪಾಲನ್ನು ಕೊಟ್ಟು ಬದುಕಿಕೊಂಡರು. ನದಿಯ ಉತ್ತರದ ದಡದ ಗುಡ್ಡದ ಮೇಲೆ ಸೋದೆಯ ಅರಸರು ಹದಿನೆಂಟನೆಯ ಶತಮಾನದ ಆದಿಯಲ್ಲಿ ಕೋಟೆಯನ್ನು ಕಟ್ಟಿಸಿ ಸದಾಶಿವಗಡವೆಂದು ಹೆಸರಿಟ್ಟರು; ಅದು ಕೆಲಕಾಲ ಪೋರ್ತುಗೀಜರ ಕೈಗೂ ಹೋಯಿತು. ಅಂಜದೀವದ ಕಥೆಯು ಇನ್ನೂ ದಾರುಣವಾದದ್ದು. ಮುಂಬಯಿಯನ್ನು ಪೋರ್ತುಗೀಜರಿಂದ ವಶಪಡಿಸಿಕೊಳ್ಳಲೆಂದು ಇಂಗ್ಲೆಂಡದಿಂದ ಬಂದ ದಂಡು ಅಪ್ಪಣೆಯ ದಾರಿ ಕಾಯುತ್ತ ಆ ದ್ವೀಪದಲ್ಲಿ ಕುಳಿತು, ರೋಗರುಜಿನಗಳಿಂದ ಬಹುಪಾಲು ನಾಶವಾಯಿತು. ಅವರ ನಾಯಕನಾದ ಶಿಪಮನ್ನನೂ 1664ರಲ್ಲಿ ಅಲ್ಲಿಯೇ ತೀರಿಕೊಂಡನು. ಈ ಎಲ್ಲ ವೃತ್ತಾಂತಗಳಲ್ಲಿ ನದೀಮುಖವುಂಟು, ದ್ವೀಪಗಳುಂಟು, ಕೋಟೆಗಳುಂಟು. ಇಂದು ಮಕ್ಕಳು ಓಡಾಡುವ ಮರಳಿನ ಮಾತನ್ನು ಮಾತ್ರ ಯಾರೂ ಎತ್ತುವದಿಲ್ಲ.

ಈಗಿನ ಕಾರವಾರವು ಹುಟ್ಟಿದ್ದು ಹತ್ತಿಯ ಆಸೆಯಿಂದ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ ಇಲಾಖೆಯಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದರು. ಅಮೇರಿಕೆಯಲ್ಲಿ 1861ರಿಂದ 1865ರ ವರೆಗೆ ಒಳಯುದ್ಧ ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡದ ಗಿರಣಿಗಳಿಗೆ ಮುಟ್ಟದಂತಾಯಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕುವದಕ್ಕೆ ಬೈತಖೋಲದ ಕೊಲ್ಲಿಯಂಥ ನೆಲೆಯು ಈ ತೀರದಲ್ಲಿ ಬೇರೆ ಇಲ್ಲವೆಂದು ಬಲ್ಲವರು ಹೇಳಿದರು. ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು, ಕಚೇರಿಗಳೆದ್ದವು, ದೇವಗಡದ ಮೇಲೆ ದೀಪಸ್ತಂಭ ನಿಂತಿತು. ಉಗಿಬಂಡಿಯ ದಾರಿಯೂ ಬರುವದೆಂದು ಜನರು ನಂಬಿದ್ದರು. ದಾರಿ ಬರಲಿಲ್ಲ. ಯುದ್ಧ ಮುಗಿದೊಡನೆ ಹತ್ತಿಯ ಬೆಲೆಯು ಇಳಿಯಿತು. 1880ರ ದಶಕದಲ್ಲಿ ಗೋವೆಯ ಮುರಗಾಂವ ಬಂದರಿಗೆ ಉಗಿಬಂಡಿಯ ಏರ್ಪಾಡಾಗಿ ಘಟ್ಟದ ಮೇಲಿನ ವ್ಯಾಪಾರವು ಆ ಕಡೆಗೆ ತಿರುಗಿತು. ಕಡೆಗೆ ಕೊಂಕಣ ರೈಲ್ವೆಯು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಅದರ ನಿಲ್ದಾಣವೂ ದಂಡೆಯಿಂದ ದೂರ, ಶಿರವಾಡದಲ್ಲಿದೆ.

ಕಾರವಾರದ ವರ್ತಕರಿಗೆ ಇದು ದೊಡ್ಡ ನಷ್ಟವೇ ಸರಿ. ಆದರೆ ದಂಡೆಯ ದೃಷ್ಟಿಯಿಂದ ನೋಡಿದರೆ ಬೇರೆ ಮಾತು. ಉದ್ದೇಶಿಸಿದ ವ್ಯಾಪಾರವು ಬಂದಿದ್ದಲ್ಲಿ ಈ ಮರಳಿನ ಮೇಲೆ ವಖಾರಿಗಳು, ಧಕ್ಕೆಗಳು, ಹಳಿಗಳು ತುಂಬಿಕೊಂಡಿರುತ್ತಿದ್ದವು. ಜಿಲ್ಲೆಯ ಕಚೇರಿಗಳಿಗಾಗಿ ಊರು ಬೆಳೆಯಿತು. ಬಂದರು ಸೊರಗಿದ್ದರಿಂದ ದಂಡೆಯು ಬರಿದಾಗಿ ಉಳಿಯಿತು. ನೌಕರಿಗೆಂದು ಬಂದ ಸಂಸಾರಗಳಿಗೆ ಸಂಜೆಯ ಹೊತ್ತು ಹೋಗುವದಕ್ಕೆ ಒಂದು ಬಯಲು ದೊರೆಯಿತು. ಕಾಕಾ ಕಾಲೇಲಕರರಿಗೂ ಬಾಲ್ಯದಲ್ಲಿ ಈ ಸಮುದ್ರದ ಪರಿಚಯವಾದದ್ದು ತಂದೆಯವರ ಸರಕಾರಿ ನೌಕರಿಯ ಮೂಲಕವೇ.

ದಂಡೆಯ ಗಾಳಿಮರಗಳ ಸಂಗತಿಯೂ ಇದೇ ಕಾಲದ್ದು. ಇವು ಇಲ್ಲಿಯ ಮೂಲದ ಗಿಡಗಳಲ್ಲ. ಆಸ್ಟ್ರೇಲಿಯಾ ಖಂಡದ ಕಡೆಯಿಂದ ಬಂದವು. ಉಗಿಯಂತ್ರಗಳಿಗೆ ಸೌದೆ ಬೇಕೆಂದು 1868ರ ಸುಮಾರಿಗೆ ಇವನ್ನು ಕಾರವಾರದ ಮರಳಿನಲ್ಲಿ ನೆಡಿಸಿದರು. ಬರಿಯ ಮರಳಿನಲ್ಲಿಯೂ ಬೇರುಬಿಟ್ಟು ಉಪ್ಪುಗಾಳಿಯನ್ನು ತಡೆದುಕೊಳ್ಳತಕ್ಕ ಮರವಿದು. ಸೌದೆಗೆಂದು ನೆಟ್ಟದ್ದು ಮುಂದೆ ನೆರಳಿಗಾಯಿತು. ಅದರ ಸೂಜಿಯಂಥ ಎಲೆಗಳೊಳಗೆ ಗಾಳಿ ಹೊಕ್ಕಾಗ ಹೊರಡುವ ಸದ್ದನ್ನು ಕೇಳಿದವರು ಸಮುದ್ರವೇ ಮರ ಹತ್ತಿ ಕುಳಿತಿತೋ ಎಂದು ಭ್ರಮಿಸಬೇಕು.

ಈ ಮರಗಳಿಗೆ ಹದಿನೈದು ವರ್ಷಗಳ ಪ್ರಾಯವಾಗಿದ್ದಾಗ ಒಂದು ಸಂಸಾರವು ಕಾರವಾರಕ್ಕೆ ಹವಾ ಬದಲಾವಣೆಗೆಂದು ಬಂದಿತು. 1883ನೆಯ ಇಸ್ವಿಯದು. ಹಿಂದೀಯರೊಳಗೆ ಮೊತ್ತಮೊದಲು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಉತ್ತೀರ್ಣರಾದ ಸತ್ಯೇಂದ್ರನಾಥ ಠಾಕೂರರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ಮನೆಗೆ ಬಂದವರೊಳಗೆ ತಮ್ಮನಾದ ರವೀಂದ್ರನಾಥರೂ ಒಬ್ಬರು. ಇಪ್ಪತ್ತೆರಡು ವರ್ಷದ ತರುಣರು, ಇನ್ನೂ ಲಗ್ನವಾಗಿರಲಿಲ್ಲ. ಒಂದು ದಿನ ಈ ಮಂಡಳಿಯು ದೋಣಿಯಲ್ಲಿ ಕಾಳೀನದಿಯ ಮೇಲ್ಮುಖವಾಗಿ ಹೋಗಿ, ಗುಡ್ಡದ ಮೇಲಿನ ಹಳೆಯ ಕೋಟೆಯೊಂದನ್ನು ನೋಡಿಕೊಂಡು, ರಾತ್ರಿ ಬೆಳದಿಂಗಳಲ್ಲಿ ನದೀಮುಖದ ಹತ್ತಿರ ಇಳಿದು, ಮರಳ ಮೇಲೆ ನಡೆಯುತ್ತ ಮನೆಗೆ ಮರಳಿತು. ಆ ಕೋಟೆಯು ಶಿವಾಜಿಯದೆಂದು ರವೀಂದ್ರರು ಬರೆದಿದ್ದಾರೆ. ಸದಾಶಿವಗಡವನ್ನೇ ಉದ್ದೇಶಿಸಿ ಹೇಳಿದ್ದಾದರೆ ಅದು ಸೋದೆಯವರದೆಂದು ತಿದ್ದಿಕೊಳ್ಳಬೇಕು. ಕವಿಗೆ ಆ ರಾತ್ರಿ ಕೋಟೆಯ ಚರಿತ್ರೆಗಿಂತ ಮರಳ ಮೇಲಿನ ಬೆಳದಿಂಗಳು ಮುಖ್ಯವಾಗಿತ್ತು. ನಿದ್ರೆ ಬಾರದೆ ಕುಳಿತು ಕವಿತೆಯನ್ನು ಬರೆದರು.

ಕಾರವಾರದಲ್ಲಿಯೇ ಅವರು ‘ಪ್ರಕೃತಿರ ಪ್ರತಿಶೋಧ’ವೆಂಬ ನಾಟಕವನ್ನು ಬರೆದರು. ಜಗತ್ತನ್ನೂ ಮಮತೆಯನ್ನೂ ಗೆದ್ದೆನೆಂದು ಬೀಗಿದ ಸನ್ಯಾಸಿಯೊಬ್ಬನನ್ನು ಅನಾಥಬಾಲಿಕೆಯೊಬ್ಬಳು ಸ್ನೇಹದಿಂದ ಮರಳಿ ಸಂಸಾರಕ್ಕೆ ಎಳೆಯುವ ಕಥೆಯದು. ಸೀಮಿತವಾದುದರೊಳಗೇ ಅಸೀಮವನ್ನು ಕಾಣುವ ಸಂತೋಷ, ಇದೇ ತಮ್ಮ ಮುಂದಿನ ಎಲ್ಲ ಕೃತಿಗಳ ವಿಷಯವೆಂದೂ, ಆ ನಾಟಕವು ಅವುಗಳಿಗೆ ಪೀಠಿಕೆಯಂತಿದೆಯೆಂದೂ ಕವಿಯು ‘ಜೀವನಸ್ಮೃತಿ’ಯಲ್ಲಿ ಒಪ್ಪಿಕೊಂಡಿದ್ದಾರೆ. ಕಾರವಾರದಿಂದ ತಿರುಗಿ ಹೋದ ಕೆಲವು ದಿನಗಳಲ್ಲಿಯೇ, ಅದೇ ವರ್ಷದ ದಶಂಬರದಲ್ಲಿ, ಅವರ ವಿವಾಹವಾಯಿತು. ಸನ್ಯಾಸಿಯನ್ನು ಮನೆಗೆ ಕರೆತಂದ ಕವಿಯು ತಾನೂ ಗೃಹಸ್ಥನಾದನು. ದಂಡೆಗೆ ಈಗ ಅವರದೇ ಹೆಸರುಂಟು. ವಿನೋದಕ್ಕಾಗಿ ಮನೆಮಂದಿಯೆಲ್ಲ ಸಮುದ್ರದ ದಡಕ್ಕೆ ಹೋಗಿ ಬಂದುದರ ಇಂಥ ಸ್ಪಷ್ಟವಾದ ಬರವಣಿಗೆಯು ಈ ಊರಿನ ವಿಷಯದಲ್ಲಿ ಉಳಿದಿರುವದು ಊರಿನ ಪುಣ್ಯ.

ಆದರೆ ಠಾಕೂರರ ಹೆಸರನ್ನು ಹೇಳುವಾಗ ದಂಡೆಯ ಮೊದಲ ಹಕ್ಕುದಾರರನ್ನು ಮರೆಯುವವರೇ ಬಹಳ. ಕವಿಯು ಬರುವದಕ್ಕೆ ಎಷ್ಟೋ ಮುಂಚಿನಿಂದ ಹರಿಕಂತ್ರರು, ಖಾರ್ವಿಗಳು, ಗಾಬಿತರು, ಅಂಬಿಗರು ಈ ಕರಾವಳಿಯ ಮರಳಿನಲ್ಲಿ ಬಲೆ ಎಳೆದು ಬಾಳಿದವರು. ಅವರ ರಂಪಣಿ ಬಲೆಯನ್ನು ಕಂಡವರು ಇಂದು ಮುದುಕರಾಗಿದ್ದಾರೆ. ದೋಣಿಯಲ್ಲಿ ಬಲೆಯನ್ನು ಒಯ್ದು ಸಮುದ್ರದಲ್ಲಿ ಅರ್ಧವರ್ತುಲವಾಗಿ ಇಳಿಬಿಟ್ಟು, ಅದರ ಎರಡೂ ತುದಿಯ ಹಗ್ಗಗಳನ್ನು ದಡಕ್ಕೆ ತಂದು, ಹತ್ತಾರು ಜನರು ಸಾಲಾಗಿ ನಿಂತು ಎಳೆಯುತ್ತಿದ್ದರು. ಬಂಗಡೆಯ ಹಿಂಡು ಬಲೆಗೆ ಬಿದ್ದ ದಿನ ಕೇರಿಗೆ ಕೇರಿಯೇ ಮರಳಿಗಿಳಿಯುತ್ತಿತ್ತು. ಬಲೆ, ದೋಣಿ, ದುಡಿಮೆ ಒಂದೊಂದಕ್ಕೂ ಪಾಲಿತ್ತು. ಹಗ್ಗಕ್ಕೆ ಕೈ ಹಚ್ಚಿದ ಹುಡುಗನೂ ನಾಲ್ಕು ಮೀನಿಲ್ಲದೆ ಮನೆಗೆ ಹೋಗುತ್ತಿರಲಿಲ್ಲ. 1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಗಳು ಪರ್ಸೀನ ಬಲೆಗಳನ್ನು ಹೊತ್ತು ಆಳದ ನೀರಿಗೆ ಹೋಗತೊಡಗಿದವು. ಹಿಂಡುಗಳು ದಡಕ್ಕೆ ಬರುವ ಮುನ್ನವೇ ಅಲ್ಲಿ ಹಿಡಿಯಲ್ಪಟ್ಟವು. ರಂಪಣಿಯವರ ದೀರ್ಘ ವಿರೋಧವು ಫಲಿಸಲಿಲ್ಲ. ಕ್ರಮೇಣ ರಂಪಣಿಗಳು ಮೂಲೆಗೆ ಬಿದ್ದವು. ಸಣ್ಣ ಏಂಡಿ ಬಲೆಯ ಎಳೆತವು ಮಾತ್ರ ಅಲ್ಲಲ್ಲಿ ಕಾಣುತ್ತದೆ. ಒಣಮೀನಿನ ವಾಸನೆಯೆಂದು ಮೂಗು ಮುಚ್ಚಿಕೊಳ್ಳುವ ಪ್ರವಾಸಿಕನು ತಾನು ಕಾಲಿಟ್ಟಿರುವದು ಇನ್ನೊಬ್ಬರ ಅಂಗಳದಲ್ಲಿ ಎಂಬುದನ್ನು ನೆನೆಯುವದು ಒಳ್ಳೆಯದು.

ಈ ಅಂಗಳವಾದರೂ ಎಷ್ಟು ಉಳಿದಿದೆ? ಇಲ್ಲಿಗೆ ಪ್ರಸಂಗವು ಕಠಿಣವಾಗುತ್ತದೆ. ಕಾರವಾರದಿಂದ ದಕ್ಷಿಣಕ್ಕೆ ಒಂದಕ್ಕಿಂತ ಒಂದು ಚೆಲುವಾದ ದಂಡೆಗಳಿದ್ದವು. 1986ರ ಅಕ್ಟೋಬರದಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ‘ಸೀಬರ್ಡ್’ ಎಂಬ ನೌಕಾನೆಲೆಗೆ ಅಡಿಗಲ್ಲನ್ನಿಟ್ಟರು. ಅರ್ಗಾ, ಚೆಂಡಿಯಾ ಮೊದಲಾದ ಹಳ್ಳಿಗಳ ಸಾವಿರಾರು ಸಂಸಾರಗಳು ಹೊಲ, ಮನೆ, ತೋಟಗಳನ್ನು ಬಿಟ್ಟು ಎದ್ದವು. ಅವರೊಡನೆ ಅವರ ದಂಡೆಗಳೂ ಹೋದವು. 2005ರ ಮೇ 31ರಂದು ಆ ನೆಲೆಯು ‘ಕದಂಬ’ವೆಂಬ ಹೆಸರಿನಿಂದ ಕಾರ್ಯಾರಂಭ ಮಾಡಿತು. ಅಂಜದೀವವೂ ನೌಕಾದಳದ ಕೈಯಲ್ಲಿದೆ. ದೇಶರಕ್ಷಣೆಗೆ ನೆಲೆ ಬೇಕೆಂಬುದರಲ್ಲಿ ವಾದವಿಲ್ಲ. ಆದರೆ ಮನೆ ಬಿಟ್ಟವರಿಗೆ ಪರಿಹಾರದ ಹಣವು ಮುಟ್ಟಲು ಕಚೇರಿ ನ್ಯಾಯಾಲಯಗಳ ಮೆಟ್ಟಿಲನ್ನು ವರ್ಷಗಟ್ಟಲೆ ಸವೆಸಬೇಕಾಯಿತೆಂಬುದೂ ಅದೇ ಚರಿತ್ರೆಗೆ ಸೇರಿದ ಮಾತು. ಊರ ಮುಂದಿನ ದಂಡೆಯಲ್ಲಿ 2006ರಲ್ಲಿ ‘ಚಪಲ’ವೆಂಬ ನಿವೃತ್ತ ಯುದ್ಧನೌಕೆಯನ್ನು ತಂದು ನಿಲ್ಲಿಸಿದರು. ಮಕ್ಕಳಿಗೆ ಅದನ್ನು ಹತ್ತಿ ನೋಡುವದೆಂದರೆ ಪರಮ ಸಂತೋಷ.

ಹೀಗೆ ಸುತ್ತಣ ದಂಡೆಗಳು ಒಂದೊಂದಾಗಿ ಮುಚ್ಚಿದ್ದರಿಂದ ಊರಿಗೆ ಇದೊಂದೇ ಬಯಲಾಯಿತು. ಉತ್ಸವಕ್ಕೂ ಇದೇ, ಸಭೆಗೂ ಇದೇ, ಮುಂಜಾನೆಯ ವಾಯುಸಂಚಾರಕ್ಕೂ ಇದೇ. ಮೀನುಗಾರರ ದೋಣಿಗೂ ಇದೇ. ಆದುದರಿಂದಲೇ 2020ರ ಜನವರಿಯಲ್ಲಿ ನಡೆದ ಘಟನೆಗೆ ಅಷ್ಟು ಕಾವು ಬಂದಿತು. ಬೈತಖೋಲದ ಬಂದರನ್ನು ವಿಸ್ತರಿಸುವದಕ್ಕಾಗಿ ದಂಡೆಯ ಬದಿಯಿಂದ ಸಮುದ್ರದೊಳಕ್ಕೆ ಅಲೆತಡೆಯ ಗೋಡೆಯನ್ನು ಕಟ್ಟುವ ಕೆಲಸವು ಆಗ ಮೊದಲಾಯಿತು. ಗೋಡೆ ಎದ್ದರೆ ದಂಡೆಯ ಭಾಗವು ಬಂದರಿನ ಪಾಲಾಗುವದೆಂದೂ ಉಳಿದ ಮರಳು ಕೊಚ್ಚಿ ಹೋಗುವದೆಂದೂ ಮೀನುಗಾರರು ಅಂಜಿದರು. ಅವರೊಡನೆ ಊರ ಅಂಗಡಿಕಾರರೂ ಗೃಹಸ್ಥರೂ ಕೂಡಿಕೊಂಡರು, ಪೇಟೆ ಮುಚ್ಚಿತು, ಹೆಂಗಸರು ಮರಳಿನಲ್ಲಿ ಕುಳಿತರು. ಮೊಕದ್ದಮೆಯು ಉಚ್ಚ ನ್ಯಾಯಾಲಯಕ್ಕೆ ಹೋಗಿ ಕೆಲಸಕ್ಕೆ ತಡೆಯಾಜ್ಞೆಯಾಯಿತು. ನೂರೈವತ್ತು ವರ್ಷಗಳ ಹಿಂದೆ ಬಂದರು ಬರಲಿಲ್ಲವೆಂದು ಕೊರಗಿದ ಊರು ಇದೇ. ಬಂದರು ಬೆಳೆಯಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಜಿಲ್ಲೆಯ ತರುಣರು ಹೊಟ್ಟೆಯ ಪಾಡಿಗೆ ಗೋವೆಗೆ ಹೋಗುತ್ತಿರುವದು ಎಲ್ಲರೂ ಬಲ್ಲ ಸಂಗತಿ. ಆದರೆ ಧಕ್ಕೆಯನ್ನು ಬೇರೆ ಕಡೆಗೆ ಕಟ್ಟಬಹುದು. ಗುಡ್ಡದ ಮರೆಯಲ್ಲಿ ಕಾಲಾಂತರದಿಂದ ಕೂಡಿದ ಮರಳನ್ನು ಬೇರೆ ಕಡೆಗೆ ಮಾಡಲು ಬಾರದು.

ದಂಡೆಯು ಸೌಮ್ಯವೆಂದು ಹೇಳಿದ್ದನ್ನು ಕೇಳಿ ವಾಚಕರು ಎಚ್ಚರ ತಪ್ಪಲಾಗದು. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಗೆ ಹೋದವರ ದೋಣಿಯೊಂದು ಮಗುಚಿ ಹದಿನಾರು ಜನರು ಜಲಸಮಾಧಿಯಾದರು. ಅವರೊಳಗೆ ಎಳೆಯ ಮಕ್ಕಳೂ ಇದ್ದರು. ಮಕ್ಕಳು ಆಡುವ ದಂಡೆಯಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ಆ ದ್ವೀಪವಿದೆ. ದೋಣಿ ಹತ್ತುವವರು ತೇಲುಜಾಕೀಟು ತೊಡದೆ ಹತ್ತಬಾರದು. ಜನ ತುಂಬಿದ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯಬೇಕು. ಜೂನ ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳೇ ಕಡಲಿಗಿಳಿಯುವದಿಲ್ಲ. ಸಂಸಾರಸಮೇತರಾಗಿ ಬಂದವರು ಇಳಿಯುವದು ದೂರವೇ ಉಳಿಯಿತು. ಕಾರ್ತಿಕದಿಂದ ಮಾಘದ ವರೆಗಿನ ದಿನಗಳು ಎಲ್ಲಕ್ಕಿಂತ ಉತ್ತಮ. ಕೋಡಿಬಾಗದ ಕಡೆಗೆ, ನದಿಯ ನೀರೂ ಸಮುದ್ರದ ಉಬ್ಬರ ಇಳಿತಗಳೂ ಸಂಧಿಸುವ ಠಾವಿನಲ್ಲಿ, ಈಜು ಬಲ್ಲವರೂ ನೀರಿಗಿಳಿಯಲಾಗದು. ಮೇಲೆ ಶಾಂತವಾಗಿ ತೋರುವ ನೀರಿನ ಕೆಳಗೆ ಅಲ್ಲಿ ಸೆಳೆತವು ಬಲವಾಗಿರುತ್ತದೆ. ಆ ಭಾಗದಲ್ಲಿ ಕುಳಿತು ಸದಾಶಿವಗಡದ ಗುಡ್ಡವನ್ನು ನೋಡಬಹುದು. 2024ರ ಅಗಸ್ಟ 7ರ ರಾತ್ರಿ ಅಲ್ಲಿಯ ಹಳೆಯ ಸೇತುವೆಯು ಮುರಿದು ಬಿತ್ತು. ಸೇತುವೆ ಕಟ್ಟುವದಕ್ಕೆ ಮುಂಚೆ ಆ ದಡಕ್ಕೆ ಹೋಗಬೇಕಾದರೆ ತಾರಿಯೇ ಗತಿಯಾಗಿತ್ತು. ಸತ್ಯೇಂದ್ರನಾಥರ ಕಾಲದಲ್ಲಿ ಮುಂಬಯಿಯಿಂದ ಬರುವವರಿಗೆ ಆಗಬೋಟೆಯೇ ಹೆದ್ದಾರಿ.

ಸೂರ್ಯನು ದ್ವೀಪಗಳ ಹಿಂದೆ ಇಳಿದ ಸ್ವಲ್ಪ ಹೊತ್ತಿಗೆ ದೇವಗಡದ ದೀಪವು ಮಿನುಗತೊಡಗುತ್ತದೆ. ಹೆಂಗಸರು ಮಕ್ಕಳ ಕಾಲಿನ ಮರಳನ್ನು ಕೊಡಹಿ, ಒದ್ದೆಯಾದ ಅಂಗಿಗಳನ್ನು ಹಿಂಡಿ ಚೀಲಕ್ಕೆ ತುರುಕುತ್ತಾರೆ. ಘಟ್ಟದ ಮೇಲಿನವರು ಬಸ್ಸಿನ ಹೊತ್ತಾಯಿತೆಂದು ಅವಸರಪಡುತ್ತಾರೆ. ಅರಬೈಲ ಘಟ್ಟದ ತಿರುವುಗಳಲ್ಲಿ ಹಿಂದೆ ಹತ್ತಿಯ ಗಾಡಿಗಳು ಇಳಿದು ಬರುತ್ತಿದ್ದವು. ಈಗ ಅದೇ ತಿರುವುಗಳಲ್ಲಿ, ನಿದ್ದೆ ಹೋದ ಹುಡುಗರ ಕಿಸೆಯೊಳಗೆ, ಕಪ್ಪೆಚಿಪ್ಪುಗಳು ಮೇಲೇರಿ ಹೋಗುತ್ತವೆ.